ಗುಬ್ಬಿಗಳಿಗೆ ಹಾಕಿದ ಅಕ್ಷತೆ

ಮಾಗಿಯ ಚಳಿ ಬಿತ್ತೆಂದರೆ ಸೊಲ್ಲಾಪುರದ ಆ ಓಣಿಯ ಹೆಂಗಸರಿಗೆಲ್ಲ ತುಳಜಾಬಾಯಿಯೇ ಪಂಡಿತೆ. ಗುಬ್ಬಿಗೆ ಏನು ಹಾಕಬೇಕು, ಯಾವ ಹೊತ್ತಿಗೆ ಹಾಕಬೇಕು, ಎಣ್ಣೆ ಹಚ್ಚಿದ ರೊಟ್ಟಿ ನಡೆಯುತ್ತದೆಯೇ ಎಂದು ಕೇಳಿಕೊಂಡು ಬಂದವರಿಗೆ ಆಕೆ ಬೇಸರವಿಲ್ಲದೆ ಹೇಳುತ್ತಿದ್ದಳು. ಬಿಸಿಲು ಹಿತ್ತಿಲಿಗೆ ಇಳಿದ ಮೇಲೆ ಹಾಕಬೇಕು, ಜೋಳವೋ ನುಚ್ಚೋ ಹಾಕಬೇಕು, ಉಪ್ಪು ಖಾರ ಸೋಕಿದ್ದು ಬೇಡ, ನೀರಿನ ಮಡಕೆ ಬೆಕ್ಕು ಹಾರದ ಕಡೆ ಇರಬೇಕು. ಚಳಿಗಾಲದಲ್ಲಿ ಒಂದು ದಿನ ತಪ್ಪಿಸಿದರೂ ಪಾಪ ಎಂದು ಬೇರೆ ಸೇರಿಸುತ್ತಿದ್ದಳು. ಗಂಡ ಮಲಕಾಜಪ್ಪನ ಕಾಳಿನ ಅಂಗಡಿಯೇ ಇರುವಾಗ ಧರ್ಮ ಮಾಡಲಿಕ್ಕೇನು ಕಷ್ಟ ಎಂದು ಓಣಿಯವರು ಹಿಂದಿನಿಂದ ನಗುತ್ತಿದ್ದದ್ದೂ ಉಂಟು.

ಇಂಥವಳ ಹಿತ್ತಿಲಲ್ಲೇ ಆ ಮುಂಜಾನೆ ಗುಬ್ಬಿಗಳು ಸತ್ತು ಬಿದ್ದವು.

ಮೊದಲು ಒಂದು ಗುಬ್ಬಿ ರೆಕ್ಕೆ ಇಳಿಬಿಟ್ಟು ಕೂತಿತು. ಚಳಿಗೆ ಮುದುಡಿದೆ ಎಂದುಕೊಂಡಳು. ಬಿಸಿಲು ಏರುವಷ್ಟರಲ್ಲಿ ನುಗ್ಗೆ ಗಿಡದ ಬುಡದ ತುಂಬ ಬಿದ್ದಿದ್ದವು. ಕೂಗಿ ಕರೆದದ್ದಕ್ಕೆ ಬಂದ ಮಲಕಾಜಪ್ಪ ನೆಲದ ಮೇಲಿನ ಕೆಂಪು ಜೋಳ ನೋಡಿದ, ಯಾವ ಬುಟ್ಟಿಯದು ಎಂದು ಕೇಳಿದ. ಅಂಗಡಿಯಲ್ಲಿ ಇಲಿಗಳ ಕಾಟವೆಂದು ಜೋಳಕ್ಕೆ ಇಲಿಪಾಷಾಣ ಕಲಸಿದ್ದ. ಯಾರಾದರೂ ತಿಳಿಯದೆ ಬೀಸಲಿಕ್ಕೆ ಒಯ್ದಾರೆಂದು ಕುಂಕುಮದ ಬಣ್ಣ ಹಾಕಿ, ತನ್ನ ಬುದ್ಧಿಗೆ ತಾನೇ ಮೆಚ್ಚಿ, ಬುಟ್ಟಿಯನ್ನು ಮನೆಯ ಉಗ್ರಾಣದ ಮೂಲೆಗೆ ಸರಿಸಿದ್ದ. ಮಗಳ ಮದುವೆ ಆಗಷ್ಟೇ ಮುಗಿದ ಮನೆ ಅದು. ಈ ಸೀಮೆಯಲ್ಲಿ ಕೆಂಪು ಜೋಳವೆಂದರೆ ಅಕ್ಷತೆ, ವಧೂವರರ ತಲೆಗೆ ಬೀಳುವ ಕಾಳು. ಉಳಿದದ್ದನ್ನು ತುಳಿಯಬಾರದು, ಹಕ್ಕಿಗೆ ಹಾಕಬೇಕು. ಇಷ್ಟು ಆ ಗಂಡಸಿಗೆ ಹೊಳೆಯಲೇ ಇಲ್ಲ. ಮದುವೆಯಲ್ಲಿ ಉಳಿದ ಅಕ್ಷತೆಯೆಂದೇ ಹೆಂಡತಿ ಅದನ್ನು ಗುಬ್ಬಿಗಳಿಗೆ ಚೆಲ್ಲಿದ್ದಳು.

ಅವನನ್ನು ಬೈಯುವಷ್ಟೂ ವ್ಯವಧಾನ ತುಳಜಾಬಾಯಿಗೆ ಇರಲಿಲ್ಲ. ಅದೇ ಬುಟ್ಟಿಯಿಂದ ಒಂದು ಹಿಡಿ ತೆಗೆದು, ನಿನ್ನೆ ತಾನೇ ಅಕ್ಕಲಕೋಟೆಗೆ ಗಂಡನ ಮನೆಗೆ ಹೊರಟ ಮಗಳು ರೇವಮ್ಮನ ಸೆರಗಿಗೆ ಕಟ್ಟಿದ್ದಳು. ಮೊದಲ ಮುಂಜಾನೆ ಅಲ್ಲಿಯ ಹಿತ್ತಿಲಲ್ಲಿ ಚೆಲ್ಲು, ಆ ಗುಬ್ಬಿಗಳಿಗೂ ನಿನ್ನ ಗುರುತಾಗಲಿ ಎಂದು ತಾನೇ ಹೇಳಿ ಕಳಿಸಿದ್ದಳು. ಹೊಸ ಸೊಸೆಯ ಕೈಯ ಅರಿಸಿನ ಮಾಸುವ ಮೊದಲೇ ಹಿತ್ತಿಲ ತುಂಬ ಹೆಣ ಬಿದ್ದರೆ ಜನ ಏನನ್ನುತ್ತಾರೆ? ಕಾಲ್ಗುಣ ಅನ್ನುತ್ತಾರೆ. ಒಮ್ಮೆ ಅಂದರೆ ಮುಗಿಯಿತು, ಎಮ್ಮೆ ಬತ್ತಿದರೂ ಮಗುವಿಗೆ ಜ್ವರ ಬಂದರೂ ಆ ಮಾತು ಅವಳ ಬೆನ್ನು ಬಿಡುವುದಿಲ್ಲ. ಅದರಲ್ಲೂ ಬೀಗತಿ ಕಲ್ಯಾಣಮ್ಮ ಮದುವೆಯಲ್ಲಿ ಹೋಳಿಗೆಯಿಂದ ಹಿಡಿದು ವಾಲಗದವರ ತನಕ ಎಲ್ಲದಕ್ಕೂ ಕೊಂಕು ತೆಗೆದ ಹೆಂಗಸು.

ಆಕೆ ಆಗಲೇ ಅಕ್ಕಲಕೋಟೆಯ ಬಸ್ಸು ಹತ್ತಿದಳು. ಆ ಸರ್ವೀಸ್ ಮೋಟಾರಿನವನು ಮಂದಿ ತುಂಬುವ ತನಕ ಹೊರಡುವುದಿಲ್ಲ ಎಂದು ಹಟ ಹಿಡಿದ. ಹೊರಟ ಮೇಲೆ ಅಕ್ಕಲಕೋಟೆ ಸಂಸ್ಥಾನದ ಗಡಿಯ ಸುಂಕದ ನಾಕಾದಲ್ಲಿ ಗಂಟುಮೂಟೆ ತಪಾಸಣೆಗೆ ಮತ್ತೆ ನಿಲ್ಲಿಸಿದರು. ನೆಂಟರು, ಪೂಜೆ, ಈ ಗದ್ದಲದಲ್ಲಿ ಹುಡುಗಿಗೆ ಹಿತ್ತಿಲು ಎಲ್ಲಿ ನೆನಪಾದೀತು ಎಂದು ತುಳಜಾಬಾಯಿ ಒಂದು ಗಳಿಗೆ ಧೈರ್ಯ ತಂದುಕೊಳ್ಳುವಳು. ರೇವಮ್ಮ ಅವ್ವ ಹೇಳಿದ್ದನ್ನು ಮರೆಯುವವಳಲ್ಲ ಎಂಬುದು ಹೊಳೆದು ಮರುಗಳಿಗೆಗೆ ಆ ಧೈರ್ಯ ಇಳಿದುಹೋಗುವುದು. ಮಗಳು ಒಂದಿಷ್ಟು ಮಾತು ಕೇಳದವಳಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಕೆ ಜೀವಮಾನದಲ್ಲಿ ಮೊದಲ ಸಲ ಹಂಬಲಿಸಿದಳು.

ಅಕ್ಕಲಕೋಟೆಯ ಮನೆಯಲ್ಲಿ ರೇವಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವ್ವನನ್ನು ಕಂಡು ಮುಖ ಅರಳಿತು. ತುಳಜಾಬಾಯಿ ಅಲ್ಲಿ ನಿಲ್ಲದೆ, ಎರಡು ಮಾತು ಇದೆ ಎಂದು ಕಲ್ಯಾಣಮ್ಮನನ್ನು ಹಿತ್ತಿಲಿಗೆ ಕರೆದಳು.

ಹಿತ್ತಿಲು ಗುಡಿಸಿ ಸ್ವಚ್ಛವಾಗಿತ್ತು. ಒಂದು ಕಾಳಿಲ್ಲ, ಒಂದು ಹಕ್ಕಿಯಿಲ್ಲ. ಹುಡುಗಿ ಇನ್ನೂ ಚೆಲ್ಲಿಲ್ಲ ಎಂದು ತಿಳಿದು ಆಕೆಗೆ ಜೀವ ಬಂದಂತಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಮಾನ ಉಳಿಯುತ್ತದೆ. ಆದರೆ ಕೊಟ್ಟ ಅಕ್ಷತೆಯನ್ನು ಕಾರಣ ಹೇಳದೆ ಮರಳಿ ಬೇಡುವುದು ಹೇಗೆ? ಗಂಟು ಈ ಮನೆಯಲ್ಲೇ ಉಳಿದರೆ ನಾಳೆ ಯಾರ ಕೈಗೆ ಸಿಕ್ಕೀತು? ಹೇಳಿಬಿಟ್ಟಳು.

"ಅಕ್ಕಾರ, ನಾ ಮಗಳ ಸೆರಗಿಗೆ ಕಟ್ಟಿದ್ದು ಅಕ್ಷತಾ ಅಲ್ಲರಿ, ಇಲಿಪಾಷಾಣ ಹಚ್ಚಿದ ಕಾಳು. ನನಗ ಗೊತ್ತಿರಲಿಲ್ಲ, ಆಕಿಗೂ ಗೊತ್ತಿಲ್ಲ. ಬೈಯೂದಿದ್ದರ ನನ್ನ ಬೈರಿ, ಆಕೀಗಿ ಏನೂ ಅನಬ್ಯಾಡ್ರಿ."

ಕಲ್ಯಾಣಮ್ಮ ಜೋಳದ ಕಣಿಕೆಯ ಬಣವಿಯ ಹಿಂದೆ ಹೋಗಿ, ಬೋರಲು ಹಾಕಿದ್ದ ಬುಟ್ಟಿಯನ್ನು ಎತ್ತಿದಳು. ಕೆಳಗೆ ಹರಕು ಬಟ್ಟೆಯ ಮೇಲೆ ಗುಬ್ಬಿಗಳು ಬಿದ್ದಿದ್ದವು, ಪಕ್ಕದಲ್ಲಿ ಗುಡಿಸಿ ತಂದ ಕೆಂಪು ಕಾಳಿನ ಗುಂಪಿ.

"ಮುಂಜಾನಿ ನಾನ ಆರಿಸಿ ಮುಚ್ಚೀನಿ. ಯಾಕ ಸತ್ತುವು ಅಂತ ಈಗ ತಿಳೀತು ನೋಡ್ರಿ. ಮನ್ಯಾಗ ಯಾರಿಗೂ ಗೊತ್ತಿಲ್ಲ, ನಿಮ್ಮ ಮಗಳಿಗೂ ಗೊತ್ತಿಲ್ಲ."

ಕಾರಣ ತಿಳಿಯದೆಯೇ ಏಕೆ ಮುಚ್ಚಿಟ್ಟಿರಿ ಎಂದು ತುಳಜಾಬಾಯಿ ಕೇಳುವ ಮೊದಲೇ ಕಲ್ಯಾಣಮ್ಮ ತಾನಾಗಿಯೇ ಹೇಳಿದಳು.

"ನಾ ಈ ಮನಿಗಿ ಬಂದ ಮರುದಿನ ಕೊಟ್ಟಿಗ್ಯಾಗ ಎತ್ತು ಸತ್ತಿತ್ತರಿ. ನಮ್ಮತ್ತಿ ಸಾಯೂ ತನಕ ಆ ಎತ್ತು ನಾನ ತಿಂದೀನಿ ಅಂದಳು."

ತುಳಜಾಬಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾಚಿಕೆಯೂ ಸಮಾಧಾನವೂ ಒಟ್ಟಿಗೇ ಬಂದಿದ್ದವು. ಕಲ್ಯಾಣಮ್ಮ ಗುದ್ದಲಿ ತಂದು ಆಕೆಯ ಕೈಗೆ ಕೊಟ್ಟಳು.

"ಆಮ್ಯಾಲ ಅಳ್ರಿ. ಲಗೂನ ಅಗೀರಿ, ರೊಟ್ಟಿ ಮುಗದ್ರ ಹುಡುಗಿ ಹೊರಗ ಬರ್ತಾಳ."