ಕಂಬಳಿ ಹೊದ್ದ ಡ್ರಮ್ಮು

ಭಾನುವಾರ ಮಧ್ಯಾಹ್ನ ಬಿಡದಿಯ ಡ್ಯಾನ್ಸ್ ಕ್ಲಬ್ಬಿಗೆ ಬಾರಿಸಲು ಬಂದ ನೇತ್ರಾ ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ಡ್ರಮ್ಮುಗಳಿಗೆಲ್ಲ ಕಂಬಳಿ ಹೊದಿಸಿದ್ದರು.

“ಇವುಕ್ಕೇನ್ಲಾ ಜ್ವರ ಬಂದೈತಾ?”

ಬಾಸ್ ಗಿಟಾರು ನೇತುಹಾಕಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ಜೊತೆಗಾರ ಅಶ್ವಥ್ ತಲೆ ಎತ್ತಲಿಲ್ಲ. “ನೀನು ಬಾರ್ಸಿದ್ನೆಲ್ಲ ರೆಕಾರ್ಡ್ ಮಾಡ್ಕಂಡಿವ್ನಿ ಕಣಕ್ಕ. ನೀನು ದಿನಕ್ಕೊಂದ್ ಥರ ಬಾರಿಸ್ತೀಯ, ಮ್ಯಾನೇಜರ್‌ಗೆ ಒಂದೇ ಥರ ಬೇಕಂತೆ. ಸುಮ್ಕೆ ಕೋಲು ಆಡಿಸ್ತಾ ಕೂತ್ಕೊ.”

“ನಾನೇನು ಹೊಲದಾಗೆ ನೆಟ್ಟಿರೋ ಬೆದರುಬೊಂಬೇನಾ?”

ಅವಳಿಗೆ ಜಾಝ್ ಸಂಗೀತದ ರುಚಿ ಹತ್ತಿಸಿ, ಒಂದೇ ಥರ ಬಾರಿಸದಿರುವುದೇ ಅದರ ಜೀವ ಎಂದು ಹೇಳಿಕೊಟ್ಟವನೇ ಇವನು! ಹೋಗಿ ಡ್ರಮ್ಮುಗಳ ಹಿಂದೆ ಕೂತಳು.

ಸೋಲೂರಿನಲ್ಲಿ ಅವಳ ಅಪ್ಪ ವೀರಭದ್ರಯ್ಯ ವೀರಗಾಸೆ ಕುಣಿತಕ್ಕೆ ಕರಡೆಯೆಂಬ ಚರ್ಮವಾದ್ಯ ಬಾರಿಸುವವರು. ಕುಣಿತದ ನಡುವೆ ದೇವರ ಮಹಿಮೆ ಸಾರುವ ಒಡಪು ಹೇಳುವಾಗ ವಾದ್ಯ ಉಸಿರೆತ್ತಬಾರದು. ಕೇಳಿದವರು ಯಾರಾದರೂ ‘ಅಹಹಾ ವೀರಾ’ ಎಂದು ಓಗೊಟ್ಟ ಮೇಲೇ ಕೋಲು ಏಳಬೇಕು. ಕ್ಲಬ್ಬಿನಲ್ಲಿ ಬಾರಿಸುವ, ಓಟ ಕಿತ್ತ ಕುದುರೆಯಂಥ ಡ್ರಮ್ ಅಂಡ್ ಬಾಸ್ ಸಂಗೀತದ ನಡುವೆ ನೇತ್ರಾ ಆ ಪದ್ಧತಿಯನ್ನೇ ಇಟ್ಟಿದ್ದಳು. ನಿಲ್ಲಿಸಿ, ತಾನೇ ಒಡಪು ಕೂಗಿ, ಮತ್ತೆ ಹಿಡಿಯುತ್ತಿದ್ದಳು.

ಲ್ಯಾಪ್‌ಟಾಪು ಮೊಳಗಿತು. ಅವಳದೇ ಪೆಟ್ಟು, ಅವಳದೇ ಬಿರುಸು. ಫ್ಯಾಕ್ಟರಿ ಹುಡುಗರು, ಬೆಂಗಳೂರಿನವರು ಎಲ್ಲ ಕುಣಿದರು. ಅವಳು ಕೋಲು ಮುಟ್ಟಲಿಲ್ಲ.

ಥಟ್ಟನೆ ಸದ್ದಡಗಿತು.

ಕ್ಲಬ್ಬಿಗೆ ದೇವರ ಮಾತು ಯಾಕೆಂದು ಅಶ್ವಥ್ ರೆಕಾರ್ಡಿನಿಂದ ಒಡಪನ್ನು ಅಳಿಸಿದ್ದ; ಅದರ ಜಾಗದ ಮೌನವನ್ನು ಅಳಿಸಲು ಮರೆತಿದ್ದ. ಕುಣಿಯುತ್ತಿದ್ದವರು ಎತ್ತಿದ ಕಾಲು ಎಲ್ಲಿಡಬೇಕೆಂದು ತಿಳಿಯದೆ ನಿಂತರು.

“ಕರೆಂಟ್ ಹೋಯ್ತೇನ್ಲಾ?” ಎಂದು ಯಾರೋ ಕಿಚಾಯಿಸಿದರು.

“ಏನಾದ್ರೂ ಹೇಳಕ್ಕ!” ಅಶ್ವಥ್ ಬೆವರಿದ.

ನೇತ್ರಾ ಎದ್ದಳು. “ಅಹಹಾ ರುದ್ರಾ! ಕೈಯಿದ್ದವಳ ಕೈ ಕಟ್ಟಿ, ಕದ್ದ ಕೈಯಲ್ಲಿ ಮೆರೆದವನ ಸೊಕ್ಕು ಮುರಿ!”

ಯಾರೂ ಓಗೊಡಲಿಲ್ಲ. ಅವಳು ಕೋಲುಗಳನ್ನು ಎತ್ತಿ ಹಿಡಿದು ಕಾದಳು. ಆಗ ಬಾಗಿಲು ಕಾಯುವ ಸಿದ್ದಯ್ಯ, ಟೋಪಿ ತೆಗೆದು ಕಂಕುಳಿಗಿಟ್ಟುಕೊಂಡು, ತನ್ನೂರಿನ ಗುಡಿ ಮುಂದೆ ನಿಂತವನಂತೆ ಕೂಗಿದ: “ಅಹಹಾ ವೀರಾ!”

ಅವಳು ಕಂಬಳಿಗಳನ್ನು ಸರಸರ ಕಿತ್ತು ಲ್ಯಾಪ್‌ಟಾಪಿನ ಮೇಲೆ ಎಸೆದಳು. “ಅದುಕ್ಕೆ ಹೊದ್ಸು, ಚಳಿ ಹಿಡ್ಕಂಡೈತೆ!”

ಬಾರಿಸತೊಡಗಿದಳು. ಯಾವತ್ತೂ ಬಾರಿಸದ ಥರ. ಕಂಬಳಿಯಡಿ ರೆಕಾರ್ಡು ಮತ್ತೆ ಶುರುವಾಗಿ, ಅವಳ ಲಯಕ್ಕೆ ಎಡವಿ ಕಿರುಚಾಡಿತು. ಕುಣಿಯುವವರ ಕಾಲು ಮಾತ್ರ ಅವಳ ಕೋಲಿನ ಹಿಂದೆಯೇ ಹೋಯಿತು. ಅಶ್ವಥ್ ಕಂಬಳಿಯೊಳಗೆ ಕೈ ತೂರಿಸಿ ಲ್ಯಾಪ್‌ಟಾಪಿನ ಬಾಯಿ ಮುಚ್ಚಿಸಿದ.

“ನಾನೀಗ ಏನ್ಮಾಡ್ಲಕ್ಕ?”

“ಗಿಟಾರ್ ಐತಲ್ಲ, ಬಾರ್ಸು. ಇಲ್ಲಾಂದ್ರೆ ಸುಮ್ಕೆ ಕೈ ಆಡಿಸ್ತಾ ನಿಂತ್ಕೊ!”