ಗೋಡೆಯೊಳಗಿನ ನಾಲ್ಕು ಎಳೆ

೧

ಕಂಪ್ಯೂಟರಿನಿಂದ ಶುರು ಮಾಡಿದರೆ ನಿಮ್ಮಲ್ಲಿ ಅರ್ಧ ಜನ ಪುಟ ಮಗುಚುತ್ತೀರಿ. ಜಗಳದಿಂದ ಶುರು ಮಾಡಿದರೆ ಎಲ್ಲರೂ ಕಿವಿ ನಿಮಿರಿಸಿ ಕೂರುತ್ತೀರಿ, ಆಮೇಲೆ ಕಂಪ್ಯೂಟರು ಬಂದಾಗ ಮೋಸ ಹೋದೆವು ಅನ್ನುತ್ತೀರಿ. ಆದ್ದರಿಂದ ಎರಡನ್ನೂ ಒಟ್ಟಿಗೇ ಇಟ್ಟು ಕೈ ತೊಳೆದುಕೊಳ್ಳುತ್ತೇನೆ: ಒಂದು ಕೋಣೆಯಲ್ಲಿ ಹಳೇ ವರ್ಕ್‌ಸ್ಟೇಷನ್, ಅದರ ಮುಂದೆ ಅಣ್ಣ. ಪಕ್ಕದ ಕೋಣೆಯಲ್ಲಿ ಹೊಸ ವರ್ಕ್‌ಸ್ಟೇಷನ್, ಅದರ ಮುಂದೆ ತಂಗಿ. ನಡುವೆ ಒಂದು ಗೋಡೆ, ಒಂದು ಮುಚ್ಚಿದ ಬಾಗಿಲು. ಯಂತ್ರಗಳ ನಡುವೆ ಫೈಲು ತೆವಳಿಕೊಂಡು ಹೋಗುತ್ತದೆ. ಮನುಷ್ಯರ ನಡುವೆ ಮಾತು ಹೋಗುವುದೇ ಇಲ್ಲ.

(ಇಷ್ಟಕ್ಕೇ ಕಥೆ ಗೊತ್ತಾಯಿತು ಅನ್ನುವವರು ಎದ್ದು ಹೋಗಬಹುದು. ನನಗೇ ಇನ್ನೂ ಗೊತ್ತಾಗಿಲ್ಲ.)

೨

ಅಣ್ಣ ಮನೆಗಳ ನಕ್ಷೆ ಬರೆಯುವವನು. ಮೆಟ್ಟಿಲ ಕೆಳಗೆ ಕಪಾಟು, ಕಿಟಕಿಯ ಕೆಳಗೆ ಕೂರುವ ಕಟ್ಟೆ, ಬಾಗಿಲ ಹಿಂದೆ ಪೊರಕೆ ಇಡುವ ಗೂಡು: ಅಂಗೈಯಗಲ ಜಾಗ ಖಾಲಿ ಬಿದ್ದಿದ್ದರೂ ಅವನಿಗೆ ಊಟ ಸೇರುವುದಿಲ್ಲ. (ಈ ಗುಣ ನೆನಪಿರಲಿ. ಕಥೆಯ ಕಳ್ಳ ಇದೇ.) ತಂಗಿ ಅದೇ ನಕ್ಷೆ ತೆಗೆದುಕೊಂಡು, ಇನ್ನೂ ಕಟ್ಟಿರದ ಮನೆಯ ಬಣ್ಣದ ಚಿತ್ರ ಮಾಡುತ್ತಾಳೆ. ನೆಲದ ಮೇಲೆ ಬಿದ್ದ ಬಿಸಿಲು ನೋಡಿದರೆ ಗಿರಾಕಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು, ಅಷ್ಟು ನಿಜ. ಅಣ್ಣನ ಹೆಂಡತಿ, ತಂಗಿಗೆ ಅತ್ತಿಗೆ, ಹೊರಗಿನ ಮೇಜಿನಲ್ಲಿ ಕೂತು ಆ ಗಿರಾಕಿಗಳನ್ನು ಸಂಭಾಳಿಸುತ್ತಾಳೆ.

ಅಣ್ಣನಿಂದ ತಂಗಿಗೆ ಹೋಗುವ ಫೈಲು ಸಣ್ಣದಲ್ಲ. ಜಾಗದ ಫೋಟೋ, ಅಳತೆ, ಮಾದರಿ ಎಲ್ಲ ಸೇರಿ, ಮನೆ ಖಾಲಿ ಮಾಡುವವರ ಲಾರಿಯಂತೆ ತುಂಬಿರುತ್ತದೆ. ಒಮ್ಮೆ ಗಿರಾಕಿಯೊಬ್ಬ ಯಾಕಿಷ್ಟು ತಡ ಎಂದು ಕೇಳಿದ. ತಂಗಿ ನಗುತ್ತಾ, "ಅಣ್ಣನ ಮೆಷಿನ್‌ಗೆ ವಯಸ್ಸಾಗಿದೆ ಸಾರ್, ಏನ್ ಮಾಡೋದು?" ಅಂದಳು. ಗಿರಾಕಿಯೂ ನಕ್ಕ. ನಗುವಾಗ ಅವನು ನೋಡಿದ್ದು ಮೆಷಿನ್ನನ್ನಲ್ಲ, ಅಣ್ಣನ ಬೋಳುತಲೆಯನ್ನು.

ಅಂದಿನಿಂದ ಮಾತು ಬಂದ್. ಈಗ ತಂಗಿ ಅತ್ತಿಗೆಯ ಮೂಲಕ ಹೇಳಿಕಳಿಸಿದ್ದಾಳೆ: ಈ ವಾರದೊಳಗೆ ನೆಟ್‌ವರ್ಕ್ ಸರಿಹೋಗದಿದ್ದರೆ ತನ್ನ ಮೆಷಿನ್ ಎತ್ತಿಕೊಂಡು ಗೆಳತಿಯ ಆಫೀಸಿಗೆ ಹೋಗುತ್ತಾಳಂತೆ. ಅಲ್ಲಿ ಕಿಟಕಿಯ ಪಕ್ಕ ಮೇಜು ಸಿದ್ಧವಾಗಿದೆಯಂತೆ.

ಅಣ್ಣ ಕೇಳಿಸಿಕೊಂಡು ಪೆನ್ಸಿಲು ಚೂಪು ಮಾಡಿದ. ಅವನು ಪೆನ್ಸಿಲಿನಲ್ಲಿ ಬರೆಯುವುದು ಬಿಟ್ಟು ಯಾವ ಕಾಲವಾಯಿತೋ.

೩ (ಹೊಡೆದು ಹಾಕಿದ್ದು)

"ಹಳೇ ವರ್ಕ್‌ಸ್ಟೇಷನ್ ನಿವೃತ್ತ ಮೇಷ್ಟರಂತೆ ಗೊಗ್ಗರು ದನಿಯಲ್ಲಿ ಎದ್ದಿತು. ಅದರ ಫ್ಯಾನಿನಲ್ಲಿ ಸಂದುಹೋದ ಕಾಲದ ನಿಟ್ಟುಸಿರು..."

ಇಷ್ಟು ಬರೆಯುವಷ್ಟರಲ್ಲಿ ಅಣ್ಣ ತಲೆಯೆತ್ತಿ ನನ್ನನ್ನು ನೋಡಿದ.

"ಅದು ನಿಟ್ಟುಸಿರಲ್ಲ ರೀ, ಧೂಳು," ಅಂದ. "ಬ್ರಶ್ ಆಡಿಸಿದ್ರೆ ಹೋಗುತ್ತೆ."

ಆಡಿಸಿದ. ಹೋಯಿತು. ನನ್ನ ಉಪಮೆಯೂ ಅದರ ಹಿಂದೆಯೇ ಹೋಯಿತು.

೪

ಬಾಗಿಲು ಯಾಕೆ ಮುಚ್ಚಿದೆ ಎಂದರೆ, ಜಗಳಕ್ಕಲ್ಲ. ತಂಗಿಯ ಮೆಷಿನ್, ಮೊದಲಿನದಾಗಲಿ ಈಗಿನದಾಗಲಿ, ಬಿಸಿಯೇರುತ್ತದೆ, ಅದಕ್ಕೆ ಎ.ಸಿ. ಬೇಕು. ಎ.ಸಿ. ಗಾಳಿ ತಾಗಿದರೆ ಅಣ್ಣನ ಮೂಗು ಕಟ್ಟುತ್ತದೆ. ಮುಚ್ಚಿದ ಬಾಗಿಲಿನಾಚೆಗೆ ಕೂಗಿ ಕೂಗಿ ಗಂಟಲು ಬಿದ್ದು, ಅಣ್ಣ ಎಷ್ಟೋ ವರ್ಷದ ಹಿಂದೆಯೇ ಎರಡು ಬೆಲ್ ಹಾಕಿದ್ದ. ಇವನು ಒತ್ತಿದರೆ ಅಲ್ಲಿ ಬಡಿಯುತ್ತದೆ, ಅವಳು ಒತ್ತಿದರೆ ಇಲ್ಲಿ. ಒಮ್ಮೆ ಒತ್ತಿದರೆ ಫೈಲು ಕಳಿಸಿದೆ ಎಂದು. ಎರಡು ಸಲ ಒತ್ತಿದರೆ ಊಟಕ್ಕೆ ಬಾ ಎಂದು.

ಇನ್ನೊಂದಿದೆ. ಸಂಜೆ ಹೊರಡುವಾಗ ಅಣ್ಣ ಸ್ವಿಚ್ಚಿಗೆ ಬೆರಳು ತಾಗಿಸಿದ ಹಾಗೆ ಮಾಡಿ ಚಿಕ್ಕದೊಂದು ಟಿಣ್ ಅನ್ನಿಸುತ್ತಾನೆ. ಇದಕ್ಕೆ ಇಂಥದ್ದೇ ಅರ್ಥ ಎಂದು ಯಾರೂ ಗೊತ್ತುಮಾಡಿಲ್ಲ. ಒಳಗಿನಿಂದ ಅಷ್ಟೇ ಚಿಕ್ಕ ಟಿಣ್ ಬರುತ್ತದೆ. ಅದು ಬಂದಮೇಲೇ ಅವನು ಚಪ್ಪಲಿ ಮೆಟ್ಟುವುದು. ಜಗಳವಾದ ದಿನ ಸಂಜೆ ಒತ್ತಲೋ ಬೇಡವೋ ಎಂದು ನಿಂತು ನಿಂತು ಕೊನೆಗೆ ಒತ್ತಿದ. ತಡವಾಗಿ, ಸಿಡುಕಿನಿಂದಲೇ, ಆದರೂ ಬಂತು. ಅಲ್ಲಿಂದ ಇಲ್ಲಿಯವರೆಗೆ ಅವನ ಪಾಲಿಗೆ ಉಳಿದಿರುವ ತಂಗಿ ಎಂದರೆ ಆ ಸದ್ದು.

(ಮೊಬೈಲ್ ಇಲ್ಲವೇ ಎಂದು ಕೇಳುತ್ತೀರಿ. ಇದೆ. ಮೊಬೈಲಿನಲ್ಲಿ ಮಾತಾಡಬೇಕಾಗುತ್ತದೆ, ಇಲ್ಲವೇ ಬರೆಯಬೇಕಾಗುತ್ತದೆ. ಬರೆದ ಮಾತು ಮುಖ ಊದಿಸಿಕೊಂಡ ಹಾಗೇ ಕಾಣುತ್ತದೆ.)

೫

ತಂಗಿ ಸುಮ್ಮನೆ ಕೂರುವವಳಲ್ಲ. ಹಳೇ ಮೆಷಿನ್ನಿಗೆ ಹೊಸ ನೆಟ್‌ವರ್ಕ್ ಕಾರ್ಡ್ ತರಿಸಿದಳು. ಅತ್ತಿಗೆ ಅದನ್ನು ಅಣ್ಣನ ಮೇಜಿನ ಮೇಲಿಟ್ಟಳು, ಅಣ್ಣ ಮಾತಿಲ್ಲದೆ ಕೂರಿಸಿದ. ವೇಗ ಅಷ್ಟೇ. ಗೋಡೆಯಿಂದ ಮೆಷಿನ್ನಿಗೆ ಬರುವ ಗಿಡ್ಡ ಕೇಬಲ್ ಬದಲಾಯಿಸಿದಳು, ಅಷ್ಟೇ. ಸೆಟ್ಟಿಂಗ್ ತೆರೆದು ಅದನ್ನೊತ್ತಿ ಇದನ್ನೊತ್ತಿ ನೋಡಿದಳು. ವೇಗ ಸಾವಿರ ತೋರಿಸಬೇಕಾದ ಕಡೆ ನೂರು ಎಂದು ತೋರಿಸಿಕೊಂಡು ಕಲ್ಲಿನ ಹಾಗೆ ಕೂತಿತ್ತು.

ಕೊನೆಗೆ ಒಂದು ಮಧ್ಯಾಹ್ನ ಬಾಗಿಲು ದೂಡಿಕೊಂಡು ಬಂದವಳೇ, ಅಣ್ಣನ ಮೆಷಿನ್ನನ್ನು ಸೊಂಟದ ಮೇಲೆ ಮಗು ಎತ್ತಿಕೊಂಡ ಹಾಗೆ ಎತ್ತಿ ತನ್ನ ಕೋಣೆಗೆ ಒಯ್ದಳು. ಅಣ್ಣ ಕೀಬೋರ್ಡ್ ಹಿಡಿದುಕೊಂಡು ಹಿಂದೆ ಹಿಂದೆ ಹೋದ. ಎರಡನ್ನೂ ಅಕ್ಕಪಕ್ಕ ಇಟ್ಟು, ನಡುವೆ ಒಂದು ಮೊಳದ ಕೇಬಲ್ ಸಿಕ್ಕಿಸಿ, ಫೈಲು ಕಳಿಸಿದಳು.

ಹಾರಿತು. ಅಣ್ಣ ಕನ್ನಡಕ ತೆಗೆದು ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಮುಗಿದೇ ಹೋಗಿತ್ತು.

ಅಣ್ಣನ ಎದೆ ಉಬ್ಬಿತು. ನೋಡಿದೆಯಾ ನನ್ನ ಮುದುಕನನ್ನು ಎಂದು ಕೂಗಬೇಕು ಅನ್ನಿಸಿತು. ತಂಗಿ ಗೋಡೆಯ ಕಡೆ ತಿರುಗಿ, ಯಾರಿಗೂ ಅಲ್ಲ ಎಂಬಂತೆ, "ಮೆಷಿನ್‌ದು ತಪ್ಪಿಲ್ಲ ಹಾಗಾದ್ರೆ," ಅಂದಳು. "ತಪ್ಪು ಗೋಡೆಯೊಳಗಿದೆ."

ಉಬ್ಬಿದ ಎದೆ ಅಲ್ಲೇ ಇಳಿಯಿತು. ಗೋಡೆಯೊಳಗೆ ಏನಿದೆ ಎಂದು ಅಣ್ಣನಿಗೆ ಆಗ ನೆನಪಾಯಿತು.

೬

ಕೇಬಲ್ಲಿನಲ್ಲಿ ಎಂಟು ಎಳೆ ಇರುತ್ತವೆ. ನೂರರ ವೇಗಕ್ಕೆ ನಾಲ್ಕು ಸಾಕು. ಸಾವಿರಕ್ಕೆ ಎಂಟೂ ಬೇಕು. ಅಣ್ಣ ಗೋಡೆಯ ಪೈಪಿನಲ್ಲಿ ಕೇಬಲ್ ಎಳೆದ ಕಾಲಕ್ಕೆ ನೂರು ಎಂದರೇ ಕಣ್ಣು ಕತ್ತಲೆ ಬರುವಂಥ ವೇಗ. ಉಳಿದ ನಾಲ್ಕು ಎಳೆ ಕೆಲಸವಿಲ್ಲದೆ ಬಿದ್ದಿರುವುದನ್ನು ಅವನಿಂದ ನೋಡಲಾಗಲಿಲ್ಲ. ಮೆಟ್ಟಿಲ ಕೆಳಗೆ ಕಪಾಟು ಮಾಡುವ ಅದೇ ಕೈ ಎರಡೆಳೆ ಈ ಬೆಲ್ಲಿಗೆ, ಎರಡೆಳೆ ಆ ಬೆಲ್ಲಿಗೆ ಕೊಟ್ಟು, ಗೋಡೆಯ ಡಬ್ಬಿ ಮುಚ್ಚಿ ಸ್ಕ್ರೂ ಬಿಗಿದು, ಹಾಯಾಗಿ ಮರೆತುಬಿಟ್ಟಿತು.

ಈಗ ಎಳೆ ವಾಪಸು ಕೊಟ್ಟರೆ ಟಿಣ್ ಇಲ್ಲ. ಕೊಡದಿದ್ದರೆ ತಂಗಿ ಇಲ್ಲ.

೭

ನನಗೆ ಇಂಥ ಇಕ್ಕಟ್ಟು ಎಂದರೆ ಪ್ರಾಣ. ಎರಡು ಮುಕ್ತಾಯ ಬರೆದುಕೊಂಡೆ.

ಮುಕ್ತಾಯ ಒಂದು: ಎಲ್ಲರೂ ಊಟಕ್ಕೆ ಹೋದಾಗ ಅಣ್ಣ ಗುಟ್ಟಾಗಿ ಎಳೆಗಳನ್ನು ನೆಟ್‌ವರ್ಕಿಗೆ ಮರಳಿಸುತ್ತಾನೆ. ಫೈಲು ಹಾರುತ್ತದೆ. ಸಂಜೆ ಅವನ ಟಿಣ್ ಹೋಗುವುದಿಲ್ಲ. ಒಳಗೆ ತಂಗಿ, ಇಷ್ಟು ದಿನ ಇದೊಂದಾದರೂ ಇತ್ತು, ಈಗ ಇದೂ ಹೋಯಿತು ಎಂದುಕೊಳ್ಳುತ್ತಾಳೆ. (ಕರ್ಚೀಫು.)

ಮುಕ್ತಾಯ ಎರಡು: ಅಣ್ಣ ಬಾಯಿ ಬಿಡುವುದಿಲ್ಲ. ತಂಗಿ ಮೆಷಿನ್ ಎತ್ತಿಕೊಂಡು ಹೋಗುತ್ತಾಳೆ. ಖಾಲಿ ಕೋಣೆಯಲ್ಲಿ ಸಂಜೆಗೊಮ್ಮೆ ಬೆಲ್ ಬಡಿಯುತ್ತದೆ. (ಇನ್ನೊಂದು ಕರ್ಚೀಫು.)

ಎರಡನ್ನೂ ತಂಗಿಗೆ ತೋರಿಸಿದೆ. ಅವಳು ಓದಿ ವಾಪಸು ಕೊಟ್ಟಳು. "ತಪ್ಪು ಗೋಡೆಯೊಳಗಿದೆ ಅಂತ ನನ್ನ ಬಾಯಲ್ಲೇ ಹೇಳಿಸಿ, ಆಮೇಲೆ ನಾನು ಗೋಡೆ ಡಬ್ಬಿ ಬಿಚ್ಚೋದೇ ಇಲ್ವಾ? ನನ್ನನ್ನೇನು ಪೆದ್ದಿ ಅಂದ್ಕೊಂಡ್ರಾ? ಸ್ಕ್ರೂಡ್ರೈವರ್ ಕೊಡಿ ಇಲ್ಲಿ."

ಕೊಟ್ಟೆ. ಎರಡು ಮುಕ್ತಾಯಗಳೂ ಕೂತಲ್ಲೇ ಸತ್ತವು.

೮

ಡಬ್ಬಿ ಬಿಚ್ಚಿದ ತಂಗಿ ಅಣ್ಣನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಹಳೇ ಮೆಷಿನ್ ಮತ್ತೆ ಅದರ ಜಾಗಕ್ಕೆ ಬಂದಿತ್ತು, ಅಣ್ಣ ಅದರ ಹಿಂದೆ ತಲೆ ಹುದುಗಿಸಿಕೊಂಡಿದ್ದ.

"ನಾಲ್ಕೆಳೆ ಬೆಲ್‌ಗೆ ಹೋಗಿದೆ," ಅಂದಳು.

"ಹೂಂ."

"ನಿಂಗೆ ಗೊತ್ತಿತ್ತಾ?"

"ಮೊನ್ನೆ ನೆನಪಾಯ್ತು."

"ಹೇಳೋಕೆ ಏನಾಗಿತ್ತು?"

ಅಣ್ಣ ಮೌಸನ್ನು ಅತ್ತ ಇತ್ತ ಸರಿಸಿದ. "ಹೇಳಿದ್ರೆ ನೀನು ಬೆಲ್ ಕಿತ್ತುಹಾಕ್ತಿದ್ದೆ."

"ಕೀಳದೆ ಹಾರ ಹಾಕ್ತಾರಾ ಅದಕ್ಕೆ?" ಅಂದವಳು, ಅಲ್ಲಿಂದ ಕದಲಲಿಲ್ಲ. ಬಾಗಿಲ ಚಿಲಕವನ್ನು ಹಾಕಿ ತೆಗೆದು, ಹಾಕಿ ತೆಗೆದು ಮಾಡಿದಳು. ಆಮೇಲೆ ಸಣ್ಣ ದನಿಯಲ್ಲಿ, "ನಾನೂ ಡಬ್ಬಿ ಬಿಚ್ಚಿ ನಿನ್ನೆಯಿಂದ ಸುಮ್ನೆ ಇದ್ದೀನಿ ಅನ್ನು," ಅಂದಳು.

(ನಿನ್ನೆಯಿಂದ! ಇದನ್ನು ನನಗೂ ಹೇಳಿರಲಿಲ್ಲ. ಪಾತ್ರಗಳನ್ನು ನಂಬಿ ಕಥೆ ಬರೆಯುವುದೆಂದರೆ ಹೀಗೆ.)

೯

ಇಲ್ಲಿ ನಾನು ಒಂದು ದೀರ್ಘ ಮೌನ ಇಟ್ಟಿದ್ದೆ. ಮೌನದ ಮಧ್ಯಕ್ಕೆ ಅತ್ತಿಗೆ ಬಂದಳು. ಈ ಕಥೆಯಲ್ಲಿ ತನ್ನದು ಸಂದೇಶ ಹೊತ್ತು ತಿರುಗುವ ಕೆಲಸ ಮಾತ್ರವೋ ಎಂದು ಅವಳು ಮೊದಲೇ ಒಮ್ಮೆ ನನ್ನನ್ನು ಕೇಳಿದ್ದಳು, ನಾನು ಜಾರಿಕೊಂಡಿದ್ದೆ.

"ರೀ, ಇನ್ನೊಂದು ಕೇಬಲ್ ಎಳೆದ್ರೆ ಆಗಲ್ವಾ?" ಅಂದಳು.

ಅಣ್ಣ, ಪೈಪಿನಲ್ಲಿ ಇನ್ನೊಂದು ಎಳೆ ನುಗ್ಗುವಷ್ಟು ಜಾಗವಿಲ್ಲ, ತಾನೇ ತುಂಬಿದ್ದೇನೆ ಎಂದು ಗೊಣಗಿದ.

"ಪೈಪ್ ಯಾರಿಗ್ ಬೇಕು? ಬಾಗಿಲಲ್ಲಿ ಎಳೀರಿ."

ನನಗೆ ಅಳು ಬಂತು. ಇಷ್ಟು ಜೋಪಾನ ಮಾಡಿಕೊಂಡು ಬಂದ ಇಕ್ಕಟ್ಟನ್ನು ಒಂದೇ ಮಾತಿನಲ್ಲಿ ಕಸದ ಬುಟ್ಟಿಗೆ ಹಾಕಿಬಿಟ್ಟಳು. ನಿಮಗೂ ಆಗಿನಿಂದ ಇದೇ ಹೊಳೆದಿತ್ತು, ಅಲ್ಲವೇ? ಸಭ್ಯರು, ಹೇಳಲಿಲ್ಲ.

೧೦

ಅಣ್ಣ ಅಳತೆ ಹಿಡಿದ, ತಂಗಿ ಕತ್ತರಿಸಿದಳು. ಅಳತೆ ಗಿಡ್ಡವಾಯಿತು ಎಂದು ಇವಳು, ಎಳೆದು ಹಿಡಿಯದೆ ಕತ್ತರಿಸಿದರೆ ಇನ್ನೇನಾಗುತ್ತದೆ ಎಂದು ಅವನು. ಮಾತು ಬಂದ್ ಆಗಿರುವುದು ಇಬ್ಬರಿಗೂ ಮರೆತುಹೋಗಿತ್ತು, ನಾನೂ ನೆನಪಿಸಲಿಲ್ಲ.

ಕೇಬಲ್ ಹೊಸಿಲ ಮೇಲೆ ಹಾದುಹೋಯಿತು. ವೇಗ ಸಾವಿರ. ಗೋಡೆಯೊಳಗಿನ ನಾಲ್ಕೆಳೆಯನ್ನು ಯಾರೂ ಮುಟ್ಟಲಿಲ್ಲ. ತೊಂದರೆ ಒಂದೇ, ಬಾಗಿಲು ಈಗ ಪೂರ್ತಿ ಮುಚ್ಚುವುದಿಲ್ಲ. ಕೈ ತೂರುವಷ್ಟು ಸಂದು. ಅದರಿಂದ ಎ.ಸಿ. ಗಾಳಿ ನೇರ ಬಂದು ಅಣ್ಣನ ಕುತ್ತಿಗೆ ಹಿಡಿಯುತ್ತದೆ, ಅವನು ಮಫ್ಲರ್ ಸುತ್ತಿಕೊಂಡು ನಕ್ಷೆ ಬರೆಯುತ್ತಾನೆ. ಅದೇ ಸಂದಿನಿಂದ ಅವಳ ಮಾತೂ ಬರುತ್ತದೆ.

ವಾರದ ಕೊನೆಯ ದಿನ ಅವಳು ಗೆಳತಿಗೆ ಫೋನ್ ಮಾಡಿದಳು. ಅಣ್ಣ ಕೀಬೋರ್ಡಿನ ಮೇಲೆ ಕೈಯಿಟ್ಟು, ಒತ್ತದೆ, ಕೂತ. "ಮೇಜು ನೋಡ್ದೆ ಕಣೇ, ಚೆನ್ನಾಗಿದೆ," ಅಂದಳು ತಂಗಿ. "ಆದ್ರೆ ಇಲ್ಲಿ ಈಗಷ್ಟೇ ಕೇಬಲ್ ಹಾಕಿದ್ದೀವಿ. ನಾನೇನ್ ಅಂದ್ಕೊಂಡಿದ್ದೀನಿ ಅಂದ್ರೆ..."

ಅಷ್ಟರಲ್ಲಿ ಅಣ್ಣನಿಗೆ ಸೀನು ಬಂತು. ಒಂದರ ಹಿಂದೆ ಒಂದು, ತಡೆಯಿಲ್ಲದೆ. ಸೀನು ನಿಂತಾಗ ಫೋನೂ ನಿಂತಿತ್ತು. ಅವಳು ಏನಂದುಕೊಂಡಿದ್ದಾಳೆ ಎಂದು ಅವನಿಗೆ ಕೇಳಿಸಲಿಲ್ಲ. ನಾನು ಅವನ ಪಕ್ಕದಲ್ಲೇ ಕೂತಿದ್ದೆ, ನನಗೂ ಕೇಳಿಸಲಿಲ್ಲ.

ಸಂಜೆ ಅವನು ಟಿಣ್ ಅನ್ನಿಸಿದ.

"ಬಾಗಿಲು ತೆಗೆದೇ ಇದೆಯಲ್ಲೋ," ಒಳಗಿನಿಂದ ತಂಗಿ. "ಬಾಯಲ್ಲಿ ಹೇಳು."

"ಹೊರಟೆ," ಅಂದ ಅಣ್ಣ.

"ಹೂಂ."

ಒಂದು ಚಪ್ಪಲಿ ಮೆಟ್ಟಿದ. ಇನ್ನೊಂದು ಕಾಲು ನೆಲದ ಮೇಲೆ ಹಾಗೇ ಇತ್ತು. ಅವನು ಕಾಯುತ್ತಿದ್ದ.

ಇಲ್ಲಿಗೆ ಸಾಕು, ಇವರನ್ನು ಇವರ ಪಾಡಿಗೆ ಬಿಟ್ಟು ಬಾಗಿಲೆಳೆದುಕೊಂಡು ಹೋಗೋಣ ಎಂದು ನಾನು ಎದ್ದು ಹಿಡಿಗೆ ಕೈ ಹಾಕಿದೆ. ಹೊರಗಿನ ಮೇಜಿನಿಂದ ಅತ್ತಿಗೆ ತಲೆಯೆತ್ತದೆ ಹೇಳಿದಳು:

"ಎಳ್ಕೋಬೇಡಿ, ಕೇಬಲ್ ಇದೆ. ಹಾಗೇ ಬಿಟ್ಟು ಹೋಗಿ."