ಪಾರಣೆಯ ನೀರು

ವಿಮಾನದ ಸದ್ದು ಕೇಳಿಸುತ್ತಿತ್ತು, ವಿಮಾನ ಕಾಣಿಸುತ್ತಿರಲಿಲ್ಲ. ಕೊಲ್ಲಾಪುರ ವಿಮಾನ ನಿಲ್ದಾಣದ ಹೊರಗೆ ನಿಪ್ಪಾಣಿ, ಅಥಣಿ, ಕಾಗವಾಡದ ಗಾಡಿಗಳ ಪಕ್ಕ ನಿಂತವರೆಲ್ಲ ಕತ್ತೆತ್ತಿ ಮೋಡ ನೋಡುತ್ತಿದ್ದರು. ಸದ್ದು ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು, ಆಮೇಲೆ ಪೂರ್ವಕ್ಕೆ ಸರಿಯುತ್ತ ತೆಳ್ಳಗಾಯಿತು. ಸಮ್ಮೇದ ನಿಲ್ದಾಣದ ಬಾಗಿಲ ಕಡೆ ಓಡಿದ.

"ವಿಮಾನ ಪರತ್ ಗೇಲಂ," ಎಂದ ಬಾಗಿಲ ಕಾವಲಿನವ, ಇವನ ಮುಖ ನೋಡಿ ಕನ್ನಡಕ್ಕೆ ಹೊರಳಿದ. "ಹೈದರಾಬಾದಿಗೆ ವಾಪಸ್ ಹೋತ್ರಿ. ಇನ್ನ ನಾಳೆನ."

ನಾಳೆ! ಐನಾಪುರದ ಮನೆಯಲ್ಲಿ ಅವನ ತಾಯಿ ಗಂಗೂಬಾಯಿ ಮೂರು ದಿನದಿಂದ ಹನಿ ನೀರು ಮುಟ್ಟಿರಲಿಲ್ಲ. ಜೈನರ ದಶಲಕ್ಷಣ ಪರ್ವದ ಉಪವಾಸ. ಇವತ್ತು ಬೆಳಿಗ್ಗೆಯೇ ನೀರು ಕುಡಿದು ಪಾರಣೆ ಮುಗಿಸಬೇಕಿತ್ತು. ಕೆಡಿಸಿದವನು ಇವನೇ. ಮನೆ ಹತ್ತಿರವೇ ವಿಮಾನ ಇಳಿಯುತ್ತದೆಂಬ ಜಂಬ ಬೇರೆ! "ಹೈದರಾಬಾದಿನಿಂದ ತೃಪ್ತಿ ತಾಸಿನಾಗ ಬಂದಿಳಿತಾಳವ್ವಾ, ಮಗಳ ಕೈಲೇ ಪಾರಣೆ ಮಾಡು," ಎಂದು ಕೊಚ್ಚಿಕೊಂಡಿದ್ದ. ಮದುವೆಯಾಗಿ ದೂರ ಹೋದ ಮಗಳ ಹೆಸರು ಕೇಳಿದ್ದೇ ತಡ, ಮುದುಕಿ ಬಸದಿಗೆ ಹೋಗಿ ಮುನಿಗಳ ಎದುರು ನಿಯಮವನ್ನೇ ತೆಗೆದುಕೊಂಡುಬಿಟ್ಟಿದ್ದಳು: ತೃಪ್ತಿಯ ಕೈಯಿಂದಲ್ಲದೆ ನೀರು ಕುಡಿಯುವುದಿಲ್ಲ. ಹೊತ್ತು ಮುಳುಗಿದ ಮೇಲಂತೂ ಯಾರ ಕೈಯಿಂದಲೂ ಇಲ್ಲ. ಬೆಳಗಿನ ವಿಮಾನ ತಡವಾಗುತ್ತ ತಡವಾಗುತ್ತ ಸಂಜೆಯ ಹತ್ತಿರ ಬಂತು, ಈಗ ಅದೂ ಹೋಯಿತು.

ಹೆಂಡತಿ ಬ್ರಾಹ್ಮಿಯ ಫೋನ್ ಬಂತು. "ಡಾಕ್ಟರ್ ಬಂದು ನೋಡ್ಯಾರ್ರಿ. ನೀರು ಹೋಗದಿದ್ರ ರಾತ್ರಿ ದಾಟೂದು ಕಷ್ಟ ಅಂತಾರ. ಅತ್ತಿ ಸಲೈನ್ ಹಚ್ಚಗೊಡವಲ್ರು. ತೃಪ್ತಿ ಬಂದ್ಲೇನ್ರಿ?"

ಸಮ್ಮೇದ ಫೋನ್ ಹಿಡಿದು ಗಾಡಿಯ ಮರೆಗೆ ಸರಿದ. ಅವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬೆಳಕು, ಕತ್ತಲೆ ಬಿಟ್ಟರೆ ಆಕೆಗೆ ಏನೂ ಕಾಣದು.

"ತೃಪ್ತಿ ಬಂದ್ಲು ಅಂತ ಹೇಳಿ ನೀನ ಕುಡಸು," ಎಂದ. "ಅಳಾಕತ್ತಾಳ, ಮಾತ ಬರವಲ್ದು ಅನ್ನು. ನಾ ಹೊರಗ ಗಾಡಿ ನಿಲ್ಲಸಾಕತ್ತೀನಿ ಅನ್ನು."

"ನಿಯಮ ಮುರಿಸಿದ ಪಾಪ ನನಗ್ಯಾಕ ಕಟ್ಟತೀರಿ?"

"ಪಾಪ ನನಗಿರ್ಲಿ. ಅಕಿ ಬದಕಲಿ."

ಫೋನ್ ಹಾಸಿಗೆಯ ಮೇಲಿಟ್ಟ ಸದ್ದಾಯಿತು. "ಅತ್ತಿ, ತೃಪ್ತಿ ಬಂದಾಳ್ರಿ." ಲೋಟಕ್ಕೆ ನೀರು ಬಿದ್ದ ಸದ್ದು, ಬಳೆಯ ಸದ್ದು. ಸಮ್ಮೇದ ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡ. ಒಂದು ಗುಟುಕು ಇಳಿದರೆ ಸಾಕು, ದೇವರೇ, ಒಂದೇ ಗುಟುಕು.

ಬಳೆಗಳು ಮತ್ತೆ ಮೆಲ್ಲಗೆ ಸದ್ದು ಮಾಡಿದವು. ಅವ್ವ ಆ ಕೈಯನ್ನು ಹಿಡಿದು ಸವರುತ್ತಿರಬೇಕು. ಆಮೇಲೆ ಅವ್ವನ ಒಣಗಿದ ದನಿ, ಎಳೆಗೂಸನ್ನು ಸಮಾಧಾನ ಮಾಡುವಂತೆ ಕೇಳಿಸಿತು.

"ನಡಗಬ್ಯಾಡ ಮಗಳ. ಲೋಟಾ ಕೆಳಗಿಡು. ಹೊತ್ತ ಮುಳಗೈತಿ, ಇನ್ನ ನಾಳೆ ಕುಡೀತೀನಿ."

ಸಮ್ಮೇದ ತಲೆಯೆತ್ತಿದ. ಮೋಡ ಒಡೆದಿತ್ತು. ನಿಲ್ದಾಣದ ಗಾಜಿನ ಗೋಡೆಯ ತುಂಬ ಕಣ್ಣು ಕುಕ್ಕುವ ಬಿಸಿಲು.